ಪೆನ್ಸಿಲ್ ಚುಕ್ಕಿಯ ಮೊಟ್ಟೆಗಳು

ಆ ಮಂಗಳವಾರ ಬೆಳಿಗ್ಗೆ, ಹನ್ನೆರಡು ವರ್ಷದಲ್ಲಿ ಮೊದಲ ಸಲ, ಹದ್ದಮ್ಮನ ಕೈ ದೀಪದ ಮೇಲೆ ತಡೆಯಿತು.

ಹದ್ದಮ್ಮ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಆ ಫಾರಂಗೆ ಸೇರಿದ ಎರಡನೆಯ ತಿಂಗಳಿಗೇ ಜೊತೆಯ ಕೆಲಸದವಳು ಕೊಟ್ಟ ಬಿರುದು. ಕತ್ತಲೆ ಕೋಣೆಯಲ್ಲಿ ದೀಪದ ಮೇಲೆ ಮೊಟ್ಟೆ ಹಿಡಿದು ಒಳಗೆ ಜೀವ ಇದೆಯೋ ಇಲ್ಲವೋ ಹೇಳಲು ಉಳಿದವರಿಗೆ ಮೂರು ಉಸಿರು ಬೇಕಾದರೆ ಇವಳಿಗೆ ಅರ್ಧ ಉಸಿರು ಸಾಕಾಗಿತ್ತು. "ಅಬ್ಬಬ್ಬಾ, ಏನು ಕಣ್ಣೇ ತಾಯಿ ನಿಂದು! ಕೋಳಿಮರಿ ಕಾಯೋಕೆ ಹದ್ದನ್ನೇ ತಂದು ಕೂರಿಸಿದ್ದಾರಲ್ಲಪ್ಪ" ಎಂದು ಅವಳು ನಕ್ಕಿದ್ದಳು. ಹಾಗೆ ನಕ್ಕವಳಿಗೂ ಬಿರುದು ಇಲ್ಲದಿರಲಿಲ್ಲ. ಬಾಯಿಗೆ ಬಿಡುವೇ ಇಲ್ಲದ ಅವಳನ್ನು ಎಲ್ಲರೂ ರೇಡಿಯೋ ಅಕ್ಕ ಎನ್ನುತ್ತಿದ್ದರು.

ಕೆಲಸ ನೋಡಲು ಸುಲಭ. ಮಷೀನಿನ ಕಾವಿನಲ್ಲಿ ಏಳು ದಿನ ಕಳೆದ ಮೊಟ್ಟೆಗಳು ಟ್ರೇಗಟ್ಟಲೆ ಕತ್ತಲೆ ಕೋಣೆಗೆ ಬರುತ್ತವೆ. ತೂತಿನಿಂದ ಬೆಳಕು ಚಿಮ್ಮುವ ಪೆಟ್ಟಿಗೆಯ ಮೇಲೆ ಒಂದೊಂದನ್ನೇ ಹಿಡಿಯಬೇಕು. ಒಳಗೆ ಜೇಡನ ಕಾಲಿನ ಹಾಗೆ ಕೆಂಪು ನರಗಳು ಹರಡಿದ್ದರೆ ಜೀವ ಇದೆ. ಬರೀ ಹಳದಿ ಬೆಳಕಾದರೆ ಖಾಲಿ. ನರಗಳೆಲ್ಲ ಕರಗಿ ರಕ್ತದ ಒಂದು ಉಂಗುರ ಮಾತ್ರ ಉಳಿದಿದ್ದರೆ, ಇತ್ತು, ಹೋಯಿತು. ಖಾಲಿಯೂ ಉಂಗುರವೂ ಕಸದ ಬುಟ್ಟಿಗೆ. ಈ ಯಾವುದೂ ಅಲ್ಲದ ಕೆಲವು ಬರುತ್ತವೆ. ಒಂದು ಮಸುಕು ನೆರಳು. ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ಅಂಥವಕ್ಕೆ ಒಂದೇ ನಿಯಮ, ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು: ಅನುಮಾನ ಬಂದರೆ ತೆಗೆ. ಸತ್ತದ್ದು ಕಾವಿನಲ್ಲೇ ಕೊಳೆತು, ಉಬ್ಬಿ, ಒಡೆದರೆ ಸುತ್ತಲಿನ ನೂರಾರು ಮೊಟ್ಟೆಗೆ ಕೇಡು.

ಹದ್ದಮ್ಮ ಆ ನಿಯಮವನ್ನು ಎಂದೂ ಮುರಿದವಳಲ್ಲ. ಆದರೆ ಆ ಮಂಗಳವಾರದ ಹಿಂದಿನ ದಿನವೇ ಅವಳು ಇನ್ನೊಂದು ಕತ್ತಲೆ ಕೋಣೆಯಲ್ಲಿ ಮಲಗಿ ಬಂದಿದ್ದಳು. ಸ್ಕ್ಯಾನಿಂಗ್ ಕೋಣೆ. ಡಾಕ್ಟರಮ್ಮ ಬಹಳ ಹೊತ್ತು ಪರದೆಯನ್ನೇ ನೋಡಿ, "ಚೀಲ ಕಾಣ್ತಿದೆ. ಒಳಗೆ ಏನೋ ಇದೆ ಅನ್ಸುತ್ತೆ. ಬಡಿತ ಮಾತ್ರ ಕಾಣ್ತಿಲ್ಲ" ಎಂದಿದ್ದರು.

"ಹೋಯ್ತಾ ಡಾಕ್ಟ್ರೇ?"

"ಹಾಗೆ ಹೇಳೋಕಾಗಲ್ಲ. ದಿನ ಇನ್ನೂ ಕಮ್ಮಿ ಇರಬಹುದು. ಒಂದು ವಾರ ಬಿಟ್ಟು ನೋಡೋಣ."

"ಅನುಮಾನ ಅಂತೀರಾ?"

"ಸದ್ಯಕ್ಕೆ ಹಾಗೇ ಇಟ್ಕೊಳಿ."

ಇದು ಮೂರನೆಯದು. ಮೊದಲನೆಯದು ಎರಡು ತಿಂಗಳಿಗೇ ಹೋಗಿತ್ತು. ಎರಡನೆಯದು ಹನ್ನೊಂದು ವಾರ ಇತ್ತು. ಈ ಮೂರನೆಯದರ ಸುದ್ದಿ ಅವಳು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಇಲ್ಲ, ಅತ್ತೆಗೂ ಇಲ್ಲ. ಬಿಸಿ ತುಪ್ಪದಂತೆ ಬಾಯಲ್ಲೇ ಇಟ್ಟುಕೊಂಡು ಮೂರು ವಾರ ತಿರುಗಿದ್ದಳು.

ಹಾಗಾಗಿ ಮಂಗಳವಾರ ಆ ಮಸುಕು ನೆರಳಿನ ಮೊಟ್ಟೆ ಕೈಗೆ ಬಂದಾಗ ಬುಟ್ಟಿಯ ಕಡೆ ಚಾಚಿದ ಕೈ ಅಲ್ಲೇ ನಿಂತಿತು. ಪಕ್ಕದ ದೀಪದಲ್ಲಿ ರೇಡಿಯೋ ಅಕ್ಕ ತನ್ನ ಓರಗಿತ್ತಿಯ ಪುರಾಣ ಬಿಚ್ಚಿದ್ದಳು. ಹದ್ದಮ್ಮ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು, ಮೊಟ್ಟೆಯ ದಪ್ಪ ತುದಿಗೆ ಒಂದು ಚುಕ್ಕಿ ಇಟ್ಟು, ಟ್ರೇಯ ಮೂಲೆಯಲ್ಲಿ ವಾಪಸ್ ಕೂರಿಸಿದಳು. ಮಧ್ಯಾಹ್ನದ ಹೊತ್ತಿಗೆ ಅಂಥವು ಏಳಾದವು. ಏಳನ್ನೂ ಒಂದೇ ಟ್ರೇಗೆ ಸೇರಿಸಿ ಮೂರನೇ ಮಷೀನಿನ ಮಧ್ಯದ ಅಂತಸ್ತಿನಲ್ಲಿಟ್ಟಳು. ಆಗ ಮನಸ್ಸಿನಲ್ಲಿ ತಾನಾಗಿ ಒಂದು ಪಂದ್ಯ ಕಟ್ಟಿಕೊಂಡಿತು: ಈ ಏಳರಲ್ಲಿ ಒಂದೇ ಒಂದು ಉಳಿದರೂ ಸಾಕು, ನನ್ನದೂ ಉಳಿಯುತ್ತದೆ. ತನ್ನ ಬುದ್ಧಿಗೆ ತಾನೇ ನಾಚಿದಳು. ಪಂದ್ಯ ಮಾತ್ರ ಬಿಚ್ಚಿಕೊಳ್ಳಲಿಲ್ಲ.

ಗಂಡನಿಗೆ ಯಾಕೆ ಹೇಳಲಿಲ್ಲ ಅಂದರೆ, ಅವನದು ಸಲೂನು. ಒಂದು ಕನ್ನಡಿ, ಒಂದು ಕುರ್ಚಿ, ಕಾಯುವವರಿಗೆ ಒಂದು ಬೆಂಚು. ಕತ್ತರಿಗಿಂತ ಮಾತೇ ಚುರುಕು. ಎರಡನೆಯ ಸಲ ಎಂಟು ವಾರ ತುಂಬಿದ್ದೇ ತಡ, ಕುರ್ಚಿಯಲ್ಲಿ ಕೂತವರಿಗೆಲ್ಲ ಹೇಳಿಬಿಟ್ಟಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಅದೇ. ಹನ್ನೊಂದನೇ ವಾರ ಅದು ಹೋಯಿತು. ಗಿರಾಕಿಗಳಿಗೆ ಹೇಗೆ ಗೊತ್ತಾಗಬೇಕು? ಒಬ್ಬೊಬ್ಬರ ಕೂದಲು ಒಂದೊಂದು ದಿನ ಬೆಳೆಯುತ್ತದೆ. ಎರಡು ತಿಂಗಳ ತನಕ ದಿನಕ್ಕೆ ಇಬ್ಬರಂತೆ, ಮೂವರಂತೆ ಬಂದು ಕೂತು, ಬಟ್ಟೆ ಹೊದಿಸಿಕೊಂಡು, ಕನ್ನಡಿಯಲ್ಲಿ ನಗುತ್ತ ಕೇಳುತ್ತಿದ್ದರು: "ಏನಣ್ಣಾ, ಮನೇಲಿ ಹೇಗಿದ್ದಾರೆ? ಎಷ್ಟು ತಿಂಗಳು?" ಒಂದು ದಿನ ಊಟದ ಡಬ್ಬಿ ಕೊಡಲು ಹೋದವಳು ಬಾಗಿಲ ಹೊರಗೇ ನಿಂತು ಅವನ ಉತ್ತರ ಕೇಳಿಸಿಕೊಂಡಿದ್ದಳು. "ಇಲ್ಲ ಅಣ್ಣ, ಆಗಲಿಲ್ಲ. ಸ್ವಲ್ಪ ತಲೆ ಬಗ್ಗಿಸಿ." ಅಷ್ಟೇ. ಆಮೇಲೆ ಕತ್ತರಿಯ ಸದ್ದು. ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಬಂದಿದ್ದಳು. ಆ ರಾತ್ರಿ ಅವನು, "ಇನ್ನು ಸಾಕು ಕಣೇ. ನೀನಿದ್ರೆ ಸಾಕು ನಂಗೆ" ಎಂದು ಗೋಡೆಯ ಕಡೆ ತಿರುಗಿ ಮಲಗಿದ್ದ.

ಬುಧವಾರ, ಗುರುವಾರ ಅವಳು ಮೂರನೇ ಮಷೀನಿನ ಮುಂದೆ ಕಾರಣವಿಲ್ಲದೆ ನಾಲ್ಕು ಸಲ ಓಡಾಡಿದಳು. ಬಾಗಿಲು ತೆಗೆದರೆ ಕಾವು ಇಳಿಯುತ್ತದೆ, ಹಾಗಾಗಿ ಗಾಜಿನಿಂದಲೇ ಇಣುಕಿದಳು. ಹೊಟ್ಟೆಯಲ್ಲಿ ಸಣ್ಣ ಸೆಳೆತ ಬಂದರೂ ಬಚ್ಚಲಿಗೆ ಓಡಿ ಬಟ್ಟೆ ನೋಡಿಕೊಂಡಳು. ಏನೂ ಇರಲಿಲ್ಲ. ಏನೂ ಇಲ್ಲದಿರುವುದೂ ಭಯವೇ.

ಗುರುವಾರ ಸಂಜೆ ಅಡುಗೆಮನೆಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತ, ತಲೆ ಎತ್ತದೆ ಕೇಳಿದರು. "ಏನೇ, ತುಂಬಿದ ಕೊಡ ಹೊತ್ತವಳ ಹಾಗೆ ನಡೀತಿದ್ದೀಯಲ್ಲ?"

"ಕಾಲು ನೋವು ಅತ್ತೆ. ಇಡೀ ದಿನ ನಿಂತು ನಿಂತು."

"ಕಾಲು ನೋವಾದ್ರೆ ಕುಂಟ್ತಾರೆ. ತುಳುಕದ ಹಾಗೆ ನಡಿಯಲ್ಲ." ಅತ್ತೆ ಹೆಚ್ಚಿದ್ದನ್ನು ತಟ್ಟೆಗೆ ಸುರಿದರು. "ಇರಲಿ ಬಿಡು. ನಂಗ್ಯಾಕೆ ಊರ ಉಸಾಬರಿ."

ಊರ ಉಸಾಬರಿ ಬೇಡವೆಂದವರು ಅವತ್ತಿನಿಂದ ನೀರಿನ ಬಿಂದಿಗೆಯನ್ನು ಅವಳಿಗೆ ಮುಟ್ಟಗೊಡಲಿಲ್ಲ.

ಶನಿವಾರ ಬೆಳಿಗ್ಗೆ ಫಾರಂನ ಗೇಟಿನಲ್ಲೇ ಕೊಳೆತ ನಾತ ಅವಳ ಮೂಗಿಗೆ ಬಡಿಯಿತು. ಉಳಿದವರಿಗೆ ಇನ್ನೂ ತಟ್ಟಿರಲಿಲ್ಲ. ಅವಳು ನೇರ ಮೂರನೇ ಮಷೀನಿನ ಮುಂದೆ ಹೋದಳು. ಗಾಜಿನ ಒಳಮೈಗೆ ಹಸಿರು ಮಿಶ್ರಿತ ಕಂದು ಲೋಳೆ ಸಿಡಿದಿತ್ತು. ಮ್ಯಾನೇಜರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲು ತೆರೆಸಿದ. ಮಧ್ಯದ ಟ್ರೇಯ ಮೂಲೆಯಲ್ಲಿ ಒಂದು ಮೊಟ್ಟೆ ಒಡೆದು ಚೂರಾಗಿತ್ತು. ಮೇಲಿನೆರಡು, ಕೆಳಗಿನೊಂದು ಟ್ರೇಗೂ ಅದರ ಹೊಲಸು ಸಿಡಿದಿತ್ತು. ನಾಲ್ಕು ಟ್ರೇ, ಆರುನೂರು ಮೊಟ್ಟೆ. ಹನ್ನೊಂದು ದಿನದ ಜೀವಗಳು.

ಮ್ಯಾನೇಜರು ಒಂದು ಚಿಪ್ಪಿನ ಚೂರನ್ನು ಚಿಮಟದಲ್ಲಿ ಎತ್ತಿ ಹಿಡಿದ. ಅದರ ಮೇಲೆ ಪೆನ್ಸಿಲ್ ಚುಕ್ಕಿ. ಅದೇ ಮೂಲೆಯಲ್ಲಿ ಚುಕ್ಕಿ ಇಟ್ಟ ಇನ್ನೂ ಆರು. ಅವನು ಕತ್ತಲೆ ಕೋಣೆಯ ಇಬ್ಬರನ್ನೂ ಕರೆದ. ಅವನ ಕಣ್ಣು ಮೊದಲು ಹೋದದ್ದು ರೇಡಿಯೋ ಅಕ್ಕನ ಕಡೆಗೆ.

"ಮಾತಾಡ್ತಾ ಮಾತಾಡ್ತಾ ಕೈ ಕೆಲಸ ಮರೀತೀಯ ಅಂತ ಎಷ್ಟು ಸಲ ಹೇಳಿದ್ದೀನಿ?"

ರೇಡಿಯೋ ಅಕ್ಕ ಬಾಯಿ ತೆರೆದಳು. ಹದ್ದಮ್ಮನ ಕಿವಿಯ ಸಂದಿನಲ್ಲಿದ್ದ ಪೆನ್ಸಿಲನ್ನು ನೋಡಿದಳು. ಬಾಯಿ ಮುಚ್ಚಿದಳು.

"ಅವಳಲ್ಲ ಸಾರ್, ನಾನು" ಎಂದಳು ಹದ್ದಮ್ಮ. "ಏಳೂ ನಾನೇ ಬಿಟ್ಟಿದ್ದು."

"ನೀನಾ? ಸತ್ತಿದೆ ಅಂತ ಗೊತ್ತಾಗಲಿಲ್ವಾ?"

"ಅನುಮಾನ ಇತ್ತು."

"ಗೋಡೆ ಮೇಲೆ ಏನು ಬರೆದಿದೆ?"

ಅವಳು ಗೋಡೆಯ ಕಡೆ ನೋಡಲಿಲ್ಲ. ಅದು ಬಾಯಿಪಾಠ.

"ಬೇರೆ ಯಾರಾದ್ರೂ ಆಗಿದ್ರೆ ಇವತ್ತೇ ಮನೆಗೆ ಕಳಿಸ್ತಿದ್ದೆ" ಎಂದ ಮ್ಯಾನೇಜರು. ಅವನ ದನಿಯಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಿತ್ತು. "ಈ ಆರನ್ನೂ ನಿನ್ನ ಕೈಯಾರೆ ನೋಡಿ ಬಿಸಾಕು. ಸೋಮವಾರದಿಂದ ಒಂದು ತಿಂಗಳು ದೀಪ ಮುಟ್ಟಬೇಡ. ಟ್ರೇ ತೊಳಿ."

ಟ್ರೇ ತೊಳೆಯುವುದೆಂದರೆ ನೀರು ಕುಡಿದ ಟ್ರೇಗಳನ್ನು ಹತ್ತು ಹತ್ತರ ಅಟ್ಟಿಯಾಗಿ ಎತ್ತಿ ಎತ್ತಿ ಬಿಸಿಲಿಗೆ ಹೊರುವುದು. ಅವಳ ಮುಖ ಬಿಳುಚಿಕೊಂಡಿತು. ಆಗುವುದಿಲ್ಲ ಎನ್ನಬೇಕು, ಎಂದರೆ ಯಾಕೆ ಎಂದು ಹೇಳಬೇಕು.

"ಟ್ರೇ ನಾನು ತೊಳೀತೀನಿ ಸಾರ್" ಎಂದಳು ರೇಡಿಯೋ ಅಕ್ಕ. "ಇವಳಿಗೆ ಸೊಂಟ ಹಿಡ್ಕೊಂಡಿದೆ. ಇವಳು ಮರಿ ಪೆಟ್ಟಿಗೆಗೆ ಚೀಟಿ ಅಂಟಿಸಿಕೊಂಡು ಕೂತಿರಲಿ. ನಾನೂ ಆ ಕತ್ತಲೇಲಿ ಕೂತು ಕೂತು ಗೂಬೆ ಆಗಿಬಿಟ್ಟಿದ್ದೀನಿ. ಸ್ವಲ್ಪ ಬಿಸಿಲು ಕಾಣ್ಲಿ."

ಮ್ಯಾನೇಜರು ಕೈ ಬೀಸಿ ಹೊರಟುಹೋದ. ಅವನಿಗೆ ಆರುನೂರು ಮೊಟ್ಟೆ ಹೂಳಿಸುವ ಕೆಲಸವಿತ್ತು.

ಕತ್ತಲೆ ಕೋಣೆಯಲ್ಲಿ ಇಬ್ಬರೇ. ಹದ್ದಮ್ಮ ಒಂದೊಂದನ್ನೇ ದೀಪದ ಮೇಲೆ ಹಿಡಿದಳು. ಹನ್ನೊಂದು ದಿನಕ್ಕೆ ಅನುಮಾನ ಉಳಿಯುವುದಿಲ್ಲ. ಜೀವ ಇದ್ದರೆ ಕಪ್ಪಗೆ ತುಂಬಿಕೊಂಡು ಒಳಗೇ ಮಿಸುಕುತ್ತದೆ. ಮೊದಲನೆಯದರಲ್ಲಿ ಉಂಗುರ. ಎರಡನೆಯದರಲ್ಲಿ ಉಂಗುರ. ಮೂರನೆಯದು ಕಲಕಿದ ನೀರು. ನಾಲ್ಕು, ಐದು. ಆರನೆಯದನ್ನು ಹಿಡಿದು ಬಹಳ ಹೊತ್ತು ತಿರುಗಿಸಿದಳು. ಹದ್ದಿನ ಕಣ್ಣಿಗೆ ಅರ್ಧ ಉಸಿರಿನಲ್ಲೇ ಗೊತ್ತಾಗಿತ್ತು, ಆದರೂ ತಿರುಗಿಸಿದಳು.

"ಬಿಡೇ" ಎಂದಳು ರೇಡಿಯೋ ಅಕ್ಕ ಮೆಲ್ಲಗೆ. ಬುಟ್ಟಿಯನ್ನು ಅವಳ ಕೈಯ ಕೆಳಗೇ ತಂದು ಹಿಡಿದಳು. "ಸುಮ್ಸುಮ್ನೆ ಬಚ್ಚಲಿಗೆ ಓಡ್ತಿದ್ದೀಯಲ್ಲ, ನಂಗೆ ಗೊತ್ತಾಗಲ್ವಾ? ಎಷ್ಟು ದಿನ?"

ಹದ್ದಮ್ಮ ಮೊಟ್ಟೆ ಬಿಟ್ಟಳು. "ಏಳನೇ ವಾರ ನಡೀತಿದೆ. ಬಡಿತ ಇನ್ನೂ ಕಂಡಿಲ್ಲ. ಸೋಮವಾರ ಮತ್ತೆ ನೋಡ್ತಾರೆ. ಒಂದಾದ್ರೂ ಉಳಿದ್ರೆ ನಂದೂ ಉಳಿಯತ್ತೆ ಅಂದ್ಕೊಂಡಿದ್ದೆ ಅಕ್ಕ. ಏಳೂ ಹೋದವು."

"ಹುಚ್ಚಿ. ಮೊಟ್ಟೆಗೆ ಕಾವು ಕೊಡೋದು ಮಷೀನು, ನಿಂದು ಮೈಯಿ. ಎರಡಕ್ಕೂ ಗಂಟು ಹಾಕ್ತಾರೇನೇ?" ಅವಳು ಸೆರಗಿನಿಂದ ಹದ್ದಮ್ಮನ ಬೆರಳುಗಳನ್ನು ಒರೆಸಿದಳು. "ಗಂಡನಿಗೆ ಗೊತ್ತಾ?"

ಇಲ್ಲವೆಂದು ತಲೆಯಾಡಿಸಿದಳು. "ಯಾರಿಗೂ ಹೇಳ್ಬೇಡ ಅಕ್ಕ."

"ರೇಡಿಯೋದಲ್ಲೂ ಓದದೇ ಇರೋ ವಾರ್ತೆ ಇರ್ತವೆ ಕಣೇ. ಆದ್ರೆ ಒಂದು ಮಾತು. ಇದನ್ನ ಮೊದಲು ಅವನಿಗೆ ಹೇಳ್ಬೇಕಿತ್ತು. ನಂಗಲ್ಲ."

ಸಂಜೆ ಅವಳು ಮನೆಯ ದಾರಿ ಹಿಡಿಯಲಿಲ್ಲ. ಸಲೂನಿನ ಮೆಟ್ಟಿಲು ಹತ್ತಿದಳು. ಹೆಂಗಸರು ಕಾಲಿಡದ ಜಾಗ ಅದು. ಬೆಂಚಿನ ಮೇಲಿದ್ದ ಇಬ್ಬರು ಗಾಬರಿಯಿಂದ ಎದ್ದು ನಿಂತರು. ಕುರ್ಚಿಯಲ್ಲಿ ಅಂಚೆಯವನು ಮುಖ ತುಂಬ ನೊರೆ ಹೊತ್ತು ಕಣ್ಣು ಮುಚ್ಚಿದ್ದ. ಅರ್ಧ ಗಡ್ಡ ಇಳಿದಿತ್ತು. ಗಂಡ ಅವಳನ್ನು ಕನ್ನಡಿಯಲ್ಲಿ ಕಂಡ. ಕ್ಷೌರದ ಕತ್ತಿ ಗಾಳಿಯಲ್ಲೇ ನಿಂತಿತು.

"ಅಮ್ಮಂಗೆ ಏನಾದ್ರೂ ಆಯ್ತಾ?"

"ಇಲ್ಲ. ಅತ್ತೆ ಚೆನ್ನಾಗಿದ್ದಾರೆ."

"ಅಣ್ಣಾ," ಎಂದ ಅಂಚೆಯವನು ಕಣ್ಣು ತೆರೆಯದೆ, "ನನ್ನ ಕುತ್ತಿಗೆ ಇಲ್ಲಿದೆ. ಕನ್ನಡೀಲಿಲ್ಲ."

"ಒಂದೇ ನಿಮಿಷ" ಎಂದು ಗಂಡ ಕತ್ತಿ ಕೆಳಗಿಟ್ಟ. ಹಿಂದೆ ಟವೆಲ್ ಒಣಹಾಕುವ ಒಂದು ಇಕ್ಕಟ್ಟು ಜಾಗವಿತ್ತು, ಮುಂದೆ ಪರದೆ. ಒದ್ದೆ ಟವೆಲುಗಳ ನಡುವೆ ಇಬ್ಬರೂ ನಿಂತರು.

"ಸೋಮವಾರ ಸ್ಕ್ಯಾನ್ ಇದೆ" ಎಂದಳು.

ಅವನು ಅವಳ ಹೊಟ್ಟೆಯ ಕಡೆ ನೋಡಿದ. "ಯಾವಾಗಿಂದ ಗೊತ್ತು?"

"ಮೂರು ವಾರ."

"ಮೂರು ವಾರ! ನಾನೇನು ಆ ಮನೇಲಿ ಬಾಡಿಗೆಗೆ ಇದ್ದೀನಾ?"

"ಮೆಲ್ಲಗೆ. ಇನ್ನು ಸಾಕು ಅಂದಿದ್ದು ನೀವೇ."

"ನಿನ್ನ ಕಳ್ಕೊಳ್ಳೋ ಭಯಕ್ಕೆ ಅಂದಿದ್ದು. ಒಬ್ಬಳೇ ಹೊತ್ಕೊಂಡು ತಿರುಗು ಅಂತಲ್ಲ."

"ಇದೂ ಹೋದ್ರೆ ನೀವು ಮತ್ತೆ ಒಬ್ಬೊಬ್ಬರಿಗೂ ಹೇಳ್ಬೇಕು. ತಲೆ ಬಗ್ಗಿಸಿ ಅಂತ... ನಾನು ಹೊರಗೆ ನಿಂತು ಕೇಳಿದ್ದೀನಿ." ಅವಳು ಮುಖಕ್ಕೆ ತಾಗುತ್ತಿದ್ದ ಟವೆಲನ್ನು ಸರಿಸಿದಳು. "ಹೋಗತ್ತೆ ಅನ್ಸತ್ತೆ ರೀ. ಹೋದ ಸೋಮವಾರ ಬಡಿತ ಕಾಣಲಿಲ್ಲ. ಇವತ್ತು ಏಳೂ ಹೋದವು."

"ಯಾವ ಏಳು?"

ಅವಳು ಹೇಳಿದಳು. ಪೆನ್ಸಿಲ್ ಚುಕ್ಕಿ, ಪಂದ್ಯ, ಆರುನೂರು ಮೊಟ್ಟೆ, ಎಲ್ಲ. ಅವನು ಟವೆಲಿನ ಅಂಚನ್ನು ಮಡಿಸುತ್ತ ಬಿಚ್ಚುತ್ತ ಕೇಳಿದ. ಕೊನೆಗೆ, "ಏಳು ಮೊಟ್ಟೆಗೆ ಹೇಳಿದ್ದೀಯ. ನಂಗೆ ಹೇಳಿಲ್ಲ" ಎಂದ. ಮುಖವನ್ನು ಅದೇ ಒದ್ದೆ ಟವೆಲಿನಲ್ಲಿ ಒತ್ತಿಕೊಂಡ. ಅವಳು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಅಣ್ಣಾ!" ಮುಂದಿನಿಂದ ಅಂಚೆಯವನ ಕೂಗು. "ನೊರೆ ಒಣಗಿ ಬಿರುಕು ಬಿಡ್ತಾ ಇದೆ!"

ಭಾನುವಾರ ಸಲೂನಿಗೆ ಪುರುಸೊತ್ತಿಲ್ಲದ ದಿನ. ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುತ್ತಲೇ, "ಮೂವತ್ತೊಂದು ತಲೆ. ಒಬ್ಬರಿಗೂ ಹೇಳಿಲ್ಲ. ಕಚ್ಚಿ ಕಚ್ಚಿ ನಾಲಿಗೆ ಗಾಯ ಆಗಿದೆ ನೋಡು ಬೇಕಾದ್ರೆ" ಎಂದು ಪಿಸುಗುಟ್ಟಿದ. ಅವಳು ನಕ್ಕಳು. ನಕ್ಕ ಕೂಡಲೇ ಹೊಟ್ಟೆ ಹಿಡಿದುಕೊಂಡು, ನಗಬಾರದಿತ್ತೇನೋ ಎಂದು ಹೆದರಿದಳು.

ಸೋಮವಾರ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಹೊರಟಾಗ ಅತ್ತೆ ಬಾಗಿಲಲ್ಲಿದ್ದರು. "ಎಲ್ಲಿಗೆ ಅಂತ ನಾನು ಕೇಳಲ್ಲ. ಇಬ್ಬರೂ ಹೋಗ್ತಿದ್ದೀರಲ್ಲ, ಅಷ್ಟು ಸಾಕು. ಬಂದಮೇಲೆ ಕೇಳ್ತೀನಿ, ಸುಳ್ಳು ಹೇಳ್ಬೇಡಿ."

ಸ್ಕ್ಯಾನಿಂಗ್ ಕೋಣೆಯ ಕತ್ತಲೆ ಅವಳಿಗೆ ಹೊಸದಲ್ಲ. ಕತ್ತಲೆಯಲ್ಲಿ ಬೆಳಕು ಓದುವುದೇ ಅವಳ ಕಸುಬು. ಎರಡನೆಯದು ಹೋದಾಗ ಡಾಕ್ಟರಮ್ಮ ಬಾಯಿ ಬಿಡುವ ಮುಂಚೆಯೇ ಪರದೆಯ ಮೇಲಿನ ಆ ನಿಶ್ಚಲತೆಯನ್ನು ಅವಳು ಓದಿಬಿಟ್ಟಿದ್ದಳು. ಡಾಕ್ಟರಮ್ಮ ಮಾತು ಹುಡುಕುತ್ತಿದ್ದ ಆ ಒಂದು ನಿಮಿಷ, ಜಗತ್ತಿನಲ್ಲಿ ಅದು ಗೊತ್ತಿದ್ದವಳು ಅವಳೊಬ್ಬಳೇ ಎಂಬಂತೆ ಇತ್ತು.

ಇವತ್ತು ಪರದೆಯ ಕಡೆ ತಿರುಗಲು ಕುತ್ತಿಗೆ ಒಪ್ಪಲಿಲ್ಲ. ತಣ್ಣನೆಯ ಲೋಳೆ ಹೊಟ್ಟೆಗೆ ತಾಗಿತು. ಅವಳು ಗಂಡನ ಮುಖವನ್ನೇ ನೋಡಿದಳು. ಪರದೆಯ ಬೂದು ಬೆಳಕು ಅವನ ಕೆನ್ನೆಯ ಮೇಲೆ ಓಡಾಡುತ್ತಿತ್ತು. ಅವನಿಗೆ ಏನೂ ಓದಲು ಬಾರದು. ಸಂತೆಯಲ್ಲಿ ದಾರಿ ತಪ್ಪಿದವನ ಹಾಗೆ ಕಣ್ಣು ಅತ್ತಿತ್ತ ಹುಡುಕುತ್ತಿತ್ತು. ಡಾಕ್ಟರಮ್ಮ ಉಪಕರಣವನ್ನು ಒಂದು ಕಡೆ ಒತ್ತಿದರು, ಸರಿಸಿದರು, ಮತ್ತೆ ಒತ್ತಿದರು. ಮೂರು ಉಸಿರಿನ ಹೊತ್ತು. ನಾಲ್ಕು. ಇಷ್ಟು ಹೊತ್ತು ಬೇಕೆಂದರೆ ಇಲ್ಲವೆಂದೇ ಅರ್ಥ. ತನ್ನ ಕಸುಬಿನಲ್ಲಾದರೆ ಇಷ್ಟು ಹೊತ್ತಿಗೆ ಬುಟ್ಟಿಗೆ ಹಾಕಿ ಆಗಿರುತ್ತಿತ್ತು.

ಗಂಡನ ಕಣ್ಣು ಒಂದು ಕಡೆ ನಿಂತಿತು. ಕಿರಿದಾಯಿತು.

"ಅದೇನು ಡಾಕ್ಟ್ರೇ?" ಎಂದ. "ಹೋಗೋ ಬಲ್ಬಿನ ಹಾಗೆ ಮಿಣಮಿಣ ಅಂತಿದೆಯಲ್ಲ, ಅಲ್ಲಿ?"

ಅವಳು ತಿರುಗಿದಳು. ಕಪ್ಪು ಚೀಲದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬೆಳ್ಳಗಿನದು. ಅದರ ನಡುವೆ ಒಂದು ಮಿನುಗು. ಆರಿ, ಮತ್ತೆ. ಆರಿ, ಮತ್ತೆ. ಹದ್ದಿನ ಕಣ್ಣು ಅದನ್ನೂ ಅಳೆಯಿತು: ಇದೆ. ನಿಧಾನ, ಆದರೆ ಇದೆ.

"ಬಡಿತ ಇದೆ" ಎಂದರು ಡಾಕ್ಟರಮ್ಮ.

"ಆದ್ರೆ?" ಎಂದಳು ಅವಳು.

ಡಾಕ್ಟರಮ್ಮ ಅವಳ ಮುಖ ನೋಡಿದರು. "ಆದ್ರೆ ಇನ್ನೂ ಚುರುಕಾಗಬೇಕು. ಸ್ವಲ್ಪ ನಿಧಾನ ಇದೆ. ಕೆಲವು ಸಲ ಎರಡು ವಾರದಲ್ಲಿ ಸರಿಹೋಗತ್ತೆ, ಕೆಲವು ಸಲ ಇಲ್ಲ. ನಿಮ್ಮ ಮುಂದೆ ಮುಚ್ಚಿಟ್ಟು ಹೇಳಲ್ಲ ನಾನು."

"ಇನ್ನೂ ಅನುಮಾನ."

"ಕಳೆದ ವಾರಕ್ಕಿಂತ ಕಮ್ಮಿ. ಎರಡು ವಾರ ಬಿಟ್ಟು ಬನ್ನಿ. ಭಾರ ಎತ್ಬೇಡಿ."

ಗಂಡ ಇನ್ನೂ ಪರದೆಯನ್ನೇ ನೋಡುತ್ತಿದ್ದ. ಡಾಕ್ಟರಮ್ಮ ಅದನ್ನು ಆರಿಸಲು ಕೈ ಚಾಚಿದಾಗ, "ಇನ್ನೊಂದು ಸ್ವಲ್ಪ ಹೊತ್ತು" ಎಂದ.

ಸಲೂನಿನ ಮುಚ್ಚಿದ ಬಾಗಿಲ ಮುಂದೆ ಅಂಚೆಯವನು ಸೈಕಲ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ಶನಿವಾರ ಅವಸರದಲ್ಲಿ ಅವನ ಒಂದು ಕಡೆಯ ಮೀಸೆ ಗಿಡ್ಡವಾಗಿತ್ತು. "ಬೀದೀಲಿ ಎಲ್ಲರೂ ನನ್ನ ಮೂತಿ ನೋಡಿ ನಗ್ತಿದ್ದಾರೆ, ನೀನು ಬಾಗಿಲು ಹಾಕ್ಕೊಂಡು ಊರು ಸುತ್ತುತೀಯಾ?" ಎಂದು ಶುರುಮಾಡಿದವನು ಇಬ್ಬರ ಮುಖ ನೋಡಿ ದನಿ ಇಳಿಸಿದ. "ಏನಣ್ಣಾ, ಎಲ್ಲ ಕ್ಷೇಮ ತಾನೇ?"

ಗಂಡ ಬೀಗದ ಕೈ ಹಿಡಿದುಕೊಂಡು ಅವಳನ್ನು ನೋಡಿದ. ಅವನ ನಾಲಿಗೆ ಹಲ್ಲಿನ ಹಿಂದೆ ಕಷ್ಟಪಡುತ್ತಿರುವುದು ಅವಳಿಗೆ ಕಂಡಿತು. ಇದು ಹೋದರೂ ಈ ಮನುಷ್ಯನ ಕೂದಲು ಮುಂದಿನ ತಿಂಗಳು ಬೆಳೆಯುತ್ತದೆ. ಬಂದು ಕೂರುತ್ತಾನೆ, ಕೇಳುತ್ತಾನೆ. ಆಗಲೂ ಯಾರೋ ಒಬ್ಬರು ಉತ್ತರ ಹೇಳಲೇಬೇಕು. ಈ ಸಲ ಆ ಉತ್ತರವನ್ನು ಅವನೊಬ್ಬನ ತಲೆಗೆ ಕಟ್ಟಬಾರದು.

"ಹೊಟ್ಟೇಲಿ ಒಂದು ಜೀವ ಇದೆ ಅಣ್ಣ" ಎಂದಳು. "ಉಳಿಯತ್ತಾ ಗೊತ್ತಿಲ್ಲ. ಇವತ್ತಿಗೆ ಇದೆ. ಎರಡು ವಾರ ಬಿಟ್ಟು ಕೇಳಿ. ಏನಾಗಿದ್ರೂ ನಾನೇ ಹೇಳ್ತೀನಿ."

ಅಂಚೆಯವನು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

ಗಂಡ ಬಾಗಿಲು ತೆರೆದ. ಅಂಚೆಯವನನ್ನು ಕುರ್ಚಿಯಲ್ಲಿ ಕೂರಿಸಿ, ಬಟ್ಟೆ ಹೊದಿಸಿ, ಉದ್ದ ಉಳಿದಿದ್ದ ಮೀಸೆಯ ಕಡೆಗೆ ಕತ್ತರಿ ತಂದ. ಒಂದು ಗಳಿಗೆ ತಡೆದು, ಉಸಿರು ಬಿಟ್ಟು, ಮತ್ತೆ ತಂದ. ಹದ್ದಮ್ಮ ಕೆಲಸಕ್ಕೆ ತಡವಾಗಿದ್ದರೂ ಹೊರಡಲಿಲ್ಲ. ಬೆಂಚಿನ ಮೇಲೆ, ಗಂಡಸರು ಕಾಯುವ ಜಾಗದಲ್ಲಿ, ಎರಡೂ ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೂತಳು.